ಲ್ಯಾಪ್‌ಟಾಪ್ ಬೇಕು, ‘ನಿಮ್ಮದು ನೀವು ತನ್ನಿ’ ಬೇಡ

ಹುಬ್ಬಳ್ಳಿ-ಧಾರವಾಡದ ಪಾಲಕರ ಸಭೆಗಳಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳುತ್ತಿದ್ದೇನೆ. “ಈಗ ಎಲ್ಲಾ ಕಂಪ್ಯೂಟರ್ ಮ್ಯಾಲೇ ನಡದೈತ್ರಿ. ಹೈಸ್ಕೂಲ್ ಹುಡುಗ್ರು ಅವರವರ ಲ್ಯಾಪ್‌ಟಾಪ್ ತಂದ್ರ ತಪ್ಪೇನು? ತರಾಕ ಆಗೋರು ತರಲಿ, ಆಗದವ್ರು ಬಿಡಲಿ.” ಮೊದಲು ಇದು ಪಟ್ಟಣದ ಖಾಸಗಿ ಶಾಲೆಯ ಮಾತಾಗಿತ್ತು. ಈಗ ಹಳ್ಳಿಯ ಹೈಸ್ಕೂಲಿನ ಕಟ್ಟೆಯ ಮೇಲೂ ಅದೇ ಮಾತು.

ಕೇಳಲು ಚಲೋ ಅನಿಸುತ್ತದೆ. ಆದರೂ ನಾನು ಇದನ್ನು ವಿರೋಧಿಸುತ್ತೇನೆ.

ಕಂಪ್ಯೂಟರ್ ಬೇಡ ಎಂದಲ್ಲ. ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್. ಪಿಯುಸಿ ಮುಗಿಸಿದವರಿಗೆ ಸಿಇಟಿ ಅರ್ಜಿ ಆನ್‌ಲೈನ್. ಕೀಬೋರ್ಡ್ ಮುಟ್ಟದೇ ಹತ್ತನೇ ತರಗತಿ ದಾಟುವ ಮಗುವಿಗೆ ನಾವು ಅನ್ಯಾಯವನ್ನೇ ಮಾಡುತ್ತಿದ್ದೇವೆ. ನನ್ನ ತಕರಾರು ಒಂದೇ. ಕಲಿಸುವ ಸಾಮಾನು ಶಾಲೆಯದಾಗಿರಬೇಕು. ಕರಿಹಲಗೆಯನ್ನು ಮಗು ಮನೆಯಿಂದ ಹೊತ್ತು ತರುವುದಿಲ್ಲ, ಲ್ಯಾಪ್‌ಟಾಪನ್ನೂ ತರಬೇಕಾಗಬಾರದು.

ಮೊದಲು ಲೆಕ್ಕ ಹಾಕೋಣ

ಸಾಧಾರಣ ಲ್ಯಾಪ್‌ಟಾಪ್‌ಗೆ 35 ಸಾವಿರ ರೂಪಾಯಿ ಎಂದು ಹಿಡಿಯಿರಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಮನೆಗೆ ವರ್ಷಕ್ಕೆ 100 ದಿನದ ಖಾತ್ರಿ ಇತ್ತು. ಗಂಡ-ಹೆಂಡತಿ ಸೇರಿ ಪೂರಾ ನೂರು ದಿನ ಮಣ್ಣು ಹೊತ್ತರೆ 37 ಸಾವಿರ. ಅಂದರೆ ಇಡೀ ಮನೆಯ ವರ್ಷದ ಖಾತ್ರಿ ದುಡಿಮೆ ಒಂದು ಲ್ಯಾಪ್‌ಟಾಪ್‌ಗೆ ಸರಿಹೋಗುತ್ತದೆ. ಗೃಹಲಕ್ಷ್ಮಿಯ 2 ಸಾವಿರದಲ್ಲಿ ಕೊಳ್ಳೋಣವೆಂದರೆ ಹದಿನೆಂಟು ಕಂತು ಒಂದೂ ಮುಟ್ಟದೆ ಕೂಡಿಡಬೇಕು. ಮನೆಯಲ್ಲಿ ಇಬ್ಬರು ಹೈಸ್ಕೂಲಿಗೆ ಹೋಗುವವರಿದ್ದರೆ ಎರಡರಷ್ಟು.

“ಕಂತಿನ ಮ್ಯಾಲೆ ಸಿಗ್ತಾವ್ರಿ” ಎನ್ನುತ್ತಾರೆ. ಕಂತಿನ ಕಥೆ ನಮ್ಮ ಹಳ್ಳಿಗಳಿಗೆ ಗೊತ್ತಿಲ್ಲದ್ದೇನಲ್ಲ. ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದೇ ಮನೆಗಳ ತಲೆಯ ಮೇಲೆ ಶಾಲೆಯ ಹೆಸರಿನಲ್ಲಿ ಇನ್ನೊಂದು ಸಾಲ ಹೇರುವುದೇ?

ಈ ಶಾಲೆಯನ್ನು ಒಮ್ಮೆ ನಡೆಸಿ ನೋಡಿದ್ದೇವೆ

‘ನಿಮ್ಮದು ನೀವು ತನ್ನಿ’ ಎನ್ನುವ ಶಾಲೆ ಹೊಸದಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನಡೆದದ್ದು ಅದೇ. ಫೋನ್ ಇದ್ದವರಿಗೆ ಪಾಠ, ಇಲ್ಲದವರಿಗೆ ರಜೆ. ಸರಕಾರಕ್ಕೂ ಇದು ಬೇಗನೆ ತಿಳಿಯಿತು. ಅದಕ್ಕೇ ಆ ಜುಲೈನಲ್ಲಿ 8ರಿಂದ 10ನೇ ತರಗತಿಗೆ ದೂರದರ್ಶನ ಚಂದನದಲ್ಲಿ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಾಸ್ತರರು, ಅಕ್ಕೋರು ತಾವೇ ಓಣಿಗೆ ಬಂದು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕು ಹರಡಿ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ದೇಶದ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆಯ 2021ರ ಅಂಕಿ ನೋಡಿ. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಇದ್ದ ಮನೆಗಳಲ್ಲೂ ಶೇ 26ರಷ್ಟು ಮಕ್ಕಳಿಗೆ ಅದು ಕೈಗೇ ಸಿಗುತ್ತಿರಲಿಲ್ಲ. ಕಾರಣ ನಮಗೆಲ್ಲ ಗೊತ್ತಿದೆ. ಇರುವ ಒಂದು ಫೋನ್ ಬೆಳಗ್ಗೆ ಅಪ್ಪನ ಕಿಸೆಯಲ್ಲಿ ಕೆಲಸಕ್ಕೆ ಹೋಗುತ್ತದೆ. ಸಂಜೆ ಬಂದರೆ ಮೊದಲು ಅಣ್ಣನ ಕೈಗೆ, ಉಳಿದರೆ ತಂಗಿಗೆ. ಮನೆಯಲ್ಲಿ ಫೋನ್ ಇದ್ದ ಮಾತ್ರಕ್ಕೆ ಮಗುವಿಗೆ ಪಾಠ ಸಿಗಲಿಲ್ಲ.

ಅದು ಫೋನಿನ ಮಾತು. ಲ್ಯಾಪ್‌ಟಾಪ್ ಇನ್ನೂ ದೂರ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಪಟ್ಟಣಗಳಲ್ಲಿ ನೂರಕ್ಕೆ 23 ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ ನೂರಕ್ಕೆ ನಾಲ್ಕೂವರೆಯೂ ಇರಲಿಲ್ಲ.

ಬಸ್ಸು, ಭಾರ, ಕರೆಂಟು

ರೊಕ್ಕದ ಮಾತು ಪಕ್ಕಕ್ಕಿಡೋಣ. ಕುಂದಗೋಳ, ಕಲಘಟಗಿ, ನವಲಗುಂದ ಕಡೆಯಿಂದ ಬೆಳಗಿನ ಬಸ್ಸು ಹತ್ತಿ ಹೈಸ್ಕೂಲಿಗೆ ಹೋಗುವ ಮಕ್ಕಳನ್ನು ನೋಡಿದ್ದೀರಲ್ಲ. ಒಂದು ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ 35 ಸಾವಿರದ ಸಾಮಾನು ಹಿಡಿದು ಎಂಟನೇ ತರಗತಿಯ ಹುಡುಗಿ ನಿಲ್ಲಬೇಕು. ಬಿದ್ದು ಪರದೆ ಒಡೆದರೆ ಯಾರ ಹೊಣೆ? ಶಾಲೆಯಲ್ಲಿ ಕಳುವಾದರೆ ಯಾರ ಹೊಣೆ? ಲ್ಯಾಪ್‌ಟಾಪ್ ತನ್ನಿ ಎನ್ನುವವರು ಇದಕ್ಕೆ ಉತ್ತರ ಕೊಡುವುದಿಲ್ಲ.

ಇದೇ ರಾಜ್ಯದಲ್ಲಿ 2019ರಲ್ಲಿ ಪಾಟಿಚೀಲದ ಭಾರಕ್ಕೆ ಮಿತಿ ಹಾಕಿದ್ದಾರೆ. 9 ಮತ್ತು 10ನೇ ತರಗತಿಗೆ 4ರಿಂದ 5 ಕಿಲೋ. ಚಾರ್ಜರ್ ಸೇರಿ ಲ್ಯಾಪ್‌ಟಾಪೇ ಎರಡು ಕಿಲೋ ತೂಗಿದರೆ ಪುಸ್ತಕ, ನೋಟುಬುಕ್ಕು, ಬುತ್ತಿ, ನೀರು ಎಲ್ಲಿಡಬೇಕು? ಮೂವತ್ತು ಲ್ಯಾಪ್‌ಟಾಪ್ ಒಟ್ಟಿಗೆ ಚಾರ್ಜ್ ಮಾಡಲು ಪ್ಲಗ್ ಎಲ್ಲಿವೆ? ಎರಡು ಫ್ಯಾನು, ಎರಡು ಲೈಟು ಇರುವ ಕೋಣೆಯ ವೈರಿಂಗ್ ಅದನ್ನು ತಡೆಯುತ್ತದೆಯೇ? ಪಾಠದ ನಡುವೆ ಕರೆಂಟು ಹೋದರೆ?

‘ಆಗೋರು ತರಲಿ’ ಅನ್ನುವುದೇ ಅಪಾಯ

“ಬಡವರ ಮ್ಯಾಲೆ ಯಾರೂ ಜುಲುಮೆ ಮಾಡೂದಿಲ್ರಿ. ಇದ್ದೋರು ತರಲಿ, ಇಲ್ಲದೋರಿಗೆ ಮಾಸ್ತರ ಬ್ಯಾರೆ ಹೇಳಿಕೊಡ್ತಾರ” ಎನ್ನುವವರಿದ್ದಾರೆ. ನನ್ನ ದೊಡ್ಡ ತಕರಾರು ಇರುವುದೇ ಇಲ್ಲಿ.

ಅರವತ್ತು ಮಕ್ಕಳ ತರಗತಿಯಲ್ಲಿ ಹದಿನೈದು ಮಂದಿ ಲ್ಯಾಪ್‌ಟಾಪ್ ತಂದರೆಂದುಕೊಳ್ಳಿ. ಮಾಸ್ತರರು ಎರಡು ಪಾಠ ಮಾಡುವುದಿಲ್ಲ, ಮಾಡಲಿಕ್ಕೂ ಆಗುವುದಿಲ್ಲ. ಪಾಠ ಮೆಲ್ಲಗೆ ಹದಿನೈದು ಮಂದಿಯ ಕಡೆ ವಾಲುತ್ತದೆ. ಪ್ರಾಜೆಕ್ಟ್ ಚೆನ್ನಾಗಿ ಪ್ರಿಂಟ್ ಹಾಕಿ ತಂದವನಿಗೆ ಒಂದೆರಡು ಅಂಕ ಜಾಸ್ತಿ. ಉಳಿದ ನಲವತ್ತೈದು ಮಂದಿ ಪಕ್ಕದವರ ಪರದೆ ಇಣುಕುತ್ತಾ ಕೂರುತ್ತಾರೆ. ಹಟ ಮಾಡುವ ಮಗುವಿಗೆ ಉತ್ತರ ಹೇಳಲಾಗದೆ ಯಾವುದೋ ಅವ್ವ ಕಿವಿಯ ಬಂಗಾರ ಅಡ ಇಡುತ್ತಾಳೆ. ಜುಲುಮೆ ಎಂದರೆ ಇದೇ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಆ ಹದಿನೈದು ಮಂದಿಯ ಅಪ್ಪಂದಿರೇ ಊರಿನಲ್ಲಿ ದನಿ ಇರುವವರು. ಬಿಇಒ ಆಫೀಸಿಗೆ ಹೋಗಿ ಕೇಳುವವರು, ಶಾಸಕರಿಗೆ ಫೋನ್ ಹಚ್ಚುವವರು. ತಮ್ಮ ಮಗನಿಗೆ ಲ್ಯಾಪ್‌ಟಾಪ್ ಬಂದ ಮೇಲೆ ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಏಕೆ ಬಿದ್ದಿದೆ ಎಂದು ಅವರು ಏಕೆ ಕೇಳುತ್ತಾರೆ? ಹುಬ್ಬಳ್ಳಿ-ಧಾರವಾಡದ ನೀರಿನ ಕಥೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಗೆ ದೊಡ್ಡ ಸಂಪು, ಬೋರು ಮಾಡಿಸಿಕೊಂಡವರು ನಳಕ್ಕೆ ನೀರು ಬರದಿದ್ದರೆ ಖಾಲಿ ಕೊಡ ಹಿಡಿದು ಬೀದಿಗೆ ಬರುವುದಿಲ್ಲ. ಬರುವವರು ಕೊಡ ಮಾತ್ರ ಇದ್ದವರು.

ಬೀಗ ಬಿದ್ದ ಕೋಣೆಯ ಕಥೆ ಹಳೆಯದು. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ರಾಜ್ಯದ ಸುಮಾರು ಸಾವಿರ ಸರಕಾರಿ ಹೈಸ್ಕೂಲುಗಳಿಗೆ ಕಂಪ್ಯೂಟರ್ ಶಿಕ್ಷಣ ಬಂತು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಮುಂದೆ ಅದರಲ್ಲಿ ಕಂಪನಿಗಳಿಗೆ ಐದು ವರ್ಷದ ಗುತ್ತಿಗೆ ಕೊಡುವ ಪದ್ಧತಿ ನಡೆಯಿತು. ಕಂಪ್ಯೂಟರ್ ಅವರೇ ತಂದಿಟ್ಟು, ಕಲಿಸುವವರನ್ನೂ ಕೊಟ್ಟು, ಕೊನೆಗೆ ಶಾಲೆಗೆ ಬಿಟ್ಟುಹೋಗುವುದು. ಗುತ್ತಿಗೆ ಮುಗಿದ ಮೇಲೆ ಕಲಿಸುವವರು ಯಾರು, ಕೆಟ್ಟದ್ದನ್ನು ರಿಪೇರಿ ಮಾಡಿಸುವವರು ಯಾರು ಎಂಬುದು ಎಷ್ಟೋ ಕಡೆ ಇತ್ಯರ್ಥವಾಗಲಿಲ್ಲ. ಆ ಪ್ರಶ್ನೆಗೆ ಉತ್ತರ ಪಡೆಯುವ ಬದಲು ನಮ್ಮ ಕಿಸೆಗೆ ಕೈ ಹಾಕಿದರೆ ಇಲಾಖೆಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ?

ಬೇರೆ ಕಡೆ ಹೇಗೆ ಮಾಡಿದರು

ದೂರ ಹೋಗಬೇಡಿ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಸರಕಾರ 2018ರಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ 8ರಿಂದ 12ನೇ ತರಗತಿಯ 45 ಸಾವಿರ ಕೋಣೆಗಳನ್ನು ಹೈಟೆಕ್ ಮಾಡಲು ಹೊರಟಿತು. ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟದ್ದು ಕೋಣೆಗೆ. ಬಳಸಿದ್ದು ಕಾಸು ಕೊಡಬೇಕಿಲ್ಲದ ಮುಕ್ತ ತಂತ್ರಾಂಶ. ಮಾಸ್ತರರಿಗೆ ತರಬೇತಿ ಕೊಟ್ಟರು. ಕಾಸರಗೋಡಿನ ಕನ್ನಡದ ಮಗುವಿಗೆ ಸಿಗುವುದು ಧಾರವಾಡ ಜಿಲ್ಲೆಯ ಕನ್ನಡದ ಮಗುವಿಗೆ ಏಕೆ ಸಿಗಬಾರದು? ತಮಿಳುನಾಡು 2011ರಿಂದ ಸರಕಾರಿ, ಅನುದಾನಿತ ಶಾಲೆಯ ಪಿಯುಸಿ ಹಂತದ ಮಕ್ಕಳಿಗೆ ತಾನೇ ಲ್ಯಾಪ್‌ಟಾಪ್ ಹಂಚಿತು.

ಶ್ರೀಮಂತ ದೇಶದಲ್ಲೂ ಈ ತಕರಾರು ಬಂದಿದೆ. ನ್ಯೂಜಿಲೆಂಡ್‌ನ ಒರೆವಾ ಕಾಲೇಜು ಎಂಬ ಹೈಸ್ಕೂಲು, 2012ರಲ್ಲಿ ಹೊಸದಾಗಿ ಸೇರುವ ಮಕ್ಕಳು ಐಪ್ಯಾಡ್ ತರಬೇಕು ಎಂದಾಗ ಅಲ್ಲಿಯ ಪಾಲಕರೂ ಗದ್ದಲ ಎಬ್ಬಿಸಿದರು. ಬರೀ ಯಂತ್ರ ಹಂಚಿದರೂ ಸಾಲದು. ಪೆರು ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದರು. 2012ರಲ್ಲಿ ಬಂದ ಅಧ್ಯಯನದಲ್ಲಿ ಮಕ್ಕಳ ಗಣಿತ, ಭಾಷೆ ಸುಧಾರಿಸಿದ್ದು ಕಾಣಲಿಲ್ಲ. ಕಲಿಸುವವರಿಲ್ಲದೆ ಯಂತ್ರ ತಾನಾಗಿ ಕಲಿಸುವುದಿಲ್ಲ.

ನಮ್ಮ ಸರಕಾರಕ್ಕೂ ಇದು ಗೊತ್ತಿಲ್ಲದ ದಾರಿಯಲ್ಲ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರು ಮಾಡಿದಾಗ ‘ಇದ್ದವರು ತನ್ನಿ’ ಎನ್ನಲಿಲ್ಲ. ಹಳ್ಳಿಯ ಹುಡುಗಿಯರು ಸಾಲಾಗಿ ಸೈಕಲ್ ಮೇಲೆ ಹೈಸ್ಕೂಲಿಗೆ ಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಪುಸ್ತಕ, ಸಮವಸ್ತ್ರ, ಬಿಸಿಯೂಟ ಎಲ್ಲವೂ ಶಾಲೆಯಿಂದಲೇ.

ಕಾನೂನೂ ನಮ್ಮ ಕಡೆ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ 14 ವರ್ಷದವರೆಗೆ, ಅಂದರೆ 8ನೇ ತರಗತಿವರೆಗೆ, ಕಲಿಕೆಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ವೆಚ್ಚವನ್ನೂ ಸರಕಾರಿ ಶಾಲೆಯ ಮಗುವಿನ ಮೇಲೆ ಹಾಕುವಂತಿಲ್ಲ. ಒಂದೇ ಹೈಸ್ಕೂಲಿನಲ್ಲಿ ಎಂಟನೇಯವರಿಗೆ ಈ ರಕ್ಷಣೆ, ಒಂಬತ್ತು-ಹತ್ತನೇಯವರಿಗೆ ಇಲ್ಲ. ಆ ಸಂದಿಯಲ್ಲಿ ಲ್ಯಾಪ್‌ಟಾಪ್ ಖರ್ಚು ನುಸುಳಬಾರದು.

ಮುಂದಿನ ಸಭೆಯಲ್ಲಿ ಇಷ್ಟು ಕೇಳಿ

ಎಸ್‌ಡಿಎಂಸಿ ಸಭೆಯಲ್ಲಿ ಲ್ಯಾಪ್‌ಟಾಪ್ ಮಾತು ಬಂದರೆ ಸುಮ್ಮನೆ ಕೂರಬೇಡಿ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಎಷ್ಟಿವೆ, ಅದರಲ್ಲಿ ನಡೆಯುವವು ಎಷ್ಟು? ಕೋಣೆಯ ಕೀಲಿ ಯಾರ ಹತ್ತಿರ? ಪ್ರತಿ ಮಗುವಿಗೆ ವಾರಕ್ಕೆ ಎಷ್ಟು ತಾಸು ಸಿಗುತ್ತದೆ? ಕಲಿಸುವವರು ಯಾರು? ರಿಪೇರಿಗೆ ಯಾವ ಅನುದಾನ? ಐದೇ ಪ್ರಶ್ನೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಊರಿನ ಗ್ರಂಥಾಲಯವನ್ನೂ ನೋಡಿಬನ್ನಿ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರ್ ಬಂದಿವೆ. ಶಾಲೆ ಬಿಟ್ಟ ಮೇಲೆ ಸಂಜೆ ಎರಡು ತಾಸು ಹೈಸ್ಕೂಲ್ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಅದು ತೆರೆದಿರಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ.

ನಿಮಗೆ ಲ್ಯಾಪ್‌ಟಾಪ್ ಕೊಡಿಸುವ ಶಕ್ತಿ ಇದ್ದರೆ ಮಗುವಿಗೆ ಕೊಡಿಸಿ, ಮನೆಯಲ್ಲಿ ಕಲಿಯಲಿ. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಶಾಲೆಯ ಬಾಗಿಲಲ್ಲಿ ‘ನಿನ್ನ ಹತ್ತಿರ ಐತೇನು?’ ಎಂದು ಯಾವ ಮಗುವನ್ನೂ ಕೇಳಬಾರದು. ಹಾಗೆ ಕೇಳುವ ಶಾಲೆ ನಮಗೆ ಬೇಡ.