ಅಂಗಿಯಲ್ಲಿ ಕಾಣದ ಕೈಗಳು

ಒಂದು ಅಂಗಿಯನ್ನು ಸಿದ್ಧಪಡಿಸುವವರು ಯಾರು? ಬಟ್ಟೆ ಕತ್ತರಿಸುವವರು, ಹೊಲಿಯುವವರು, ಗುಂಡಿ ಹಚ್ಚುವವರು ಎಂದು ನಾವು ಥಟ್ಟನೆ ಹೇಳುತ್ತೇವೆ. ಆ ಕಾರ್ಖಾನೆಯಿರುವ ಕಟ್ಟಡದಲ್ಲಿ ಲಿಫ್ಟ್ ನಡೆಸುವವನಾಗಲಿ, ರಾತ್ರಿ ಕಾವಲು ಕಾಯುವವನಾಗಲಿ ನಮ್ಮ ನೆನಪಿಗೆ ಬರುವುದಿಲ್ಲ. ಹೀಗೆ ಮರೆತುಹೋದವರ ಪ್ರಶ್ನೆಯೊಂದು 1942ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು.

1938ರಲ್ಲಿ ಆ ದೇಶವು ಕಾರ್ಮಿಕರಿಗಾಗಿ ಮಹತ್ವದ ಕಾಯಿದೆಯೊಂದನ್ನು ರಚಿಸಿತು. ಮೊದಲಿಗೆ ಗಂಟೆಗೆ 25 ಸೆಂಟುಗಳ ಕನಿಷ್ಠ ಕೂಲಿ. ನಿಗದಿತ ಅವಧಿ ಮೀರಿ ದುಡಿದರೆ ಒಂದೂವರೆ ಪಟ್ಟು ವೇತನ. ಆದರೆ ಅಂತರರಾಜ್ಯ ವಾಣಿಜ್ಯದಲ್ಲಿ ತೊಡಗಿದವರು, ಅದಕ್ಕಾಗಿ ಸರಕು ತಯಾರಿಸುವವರು ಮತ್ತು ಆ ತಯಾರಿಕೆಗೆ ಅವಶ್ಯವಾದ ಕೆಲಸ ಮಾಡುವವರು ಮಾತ್ರ ಅದರ ರಕ್ಷಣೆಗೆ ಒಳಪಟ್ಟಿದ್ದರು.

ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿನ ಎರಡು ಕಟ್ಟಡಗಳಲ್ಲಿ ಸಿದ್ಧ ಉಡುಪು ತಯಾರಕರು ಬಾಡಿಗೆಗಿದ್ದರು. ತಾವು ಜಾಗವನ್ನು ಬಾಡಿಗೆಗೆ ಕೊಡುವವರೇ ಹೊರತು ಉಡುಪು ತಯಾರಿಸುವವರಲ್ಲ, ಆದ್ದರಿಂದ ತಮ್ಮ ನೌಕರರಿಗೆ ಕಾಯಿದೆ ಅನ್ವಯಿಸದು ಎಂಬುದು ಮಾಲೀಕರ ವಾದ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಬೆಳಕು, ಶಾಖ, ವಿದ್ಯುತ್ತು, ಲಿಫ್ಟುಗಳಿಲ್ಲದೆ ಅಲ್ಲಿ ಉತ್ಪಾದನೆ ಸಾಧ್ಯವಿರಲಿಲ್ಲ. ಆದ್ದರಿಂದ ಮಾಲೀಕನ ವ್ಯವಹಾರ ಯಾವುದೆಂಬುದಲ್ಲ, ನೌಕರನ ಕೆಲಸದ ಸ್ವರೂಪವೇ ಮುಖ್ಯವೆಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ತೀರ್ಪಿನಲ್ಲಿ ವಿವರಿಸಿದರು. ಭಿನ್ನಮತ ನೀಡಿದವರು ನ್ಯಾಯಮೂರ್ತಿ ರಾಬರ್ಟ್ಸ್ ಒಬ್ಬರೇ.

ಆದರೆ ಗೆರೆ ಎಳೆಯುವುದು ಸುಲಭವಾಗಿರಲಿಲ್ಲ. 1945ರಲ್ಲಿ, ಬಗೆಬಗೆಯ ಕಚೇರಿಗಳಿದ್ದ ನ್ಯೂಯಾರ್ಕಿನ 48 ಅಂತಸ್ತಿನ ಕಟ್ಟಡದ ನೌಕರರಿಗೆ ಈ ರಕ್ಷಣೆಯಿಲ್ಲವೆಂದು ಅದೇ ನ್ಯಾಯಾಲಯ 5–4ರ ಬಹುಮತದಿಂದ ತೀರ್ಮಾನಿಸಿತು. ಅದೇ ದಿನ, ಬೋರ್ಡನ್ ಎಂಬ ಹಾಲಿನ ಉತ್ಪನ್ನಗಳ ಕಂಪನಿಯ ಕೇಂದ್ರ ಕಚೇರಿಯಿದ್ದ ಕಟ್ಟಡದ ನೌಕರರಿಗೆ ರಕ್ಷಣೆಯುಂಟೆಂದು ಹೇಳಿತು. ಕೆಲಸ ಒಂದೇ, ಬೆವರು ಒಂದೇ. ಬಾಡಿಗೆದಾರರು ಯಾರೆಂಬುದರ ಮೇಲೆ ಕೂಲಿಯ ಹಕ್ಕು ಬೇರೆಯಾಯಿತು! ನೌಕರನ ಕೆಲಸವನ್ನಷ್ಟೇ ಅಲ್ಲದೆ ಇಡೀ ಉದ್ಯಮವನ್ನೂ ಗಣನೆಗೆ ತೆಗೆದುಕೊಳ್ಳುವ ಕ್ರಮ 1961ರ ತಿದ್ದುಪಡಿಯಿಂದ ಬಂದಿತು.

ಕಾಯಿದೆಗೆ ಎಲ್ಲಿಯೋ ಒಂದು ಗಡಿ ಇರಲೇಬೇಕು. ಕೃತಜ್ಞತೆಗೆ ಆ ಗಡಿಯ ಹಂಗು ಬೇಕಿಲ್ಲ. ನಾವು ತೊಟ್ಟ ಬಟ್ಟೆಯ ಹಿಂದೆ ಸೂಜಿ ಹಿಡಿದವರಷ್ಟೇ ಅಲ್ಲ, ದೀಪ ಉರಿಯುವಂತೆ ನೋಡಿಕೊಂಡವರೂ, ಬಾಗಿಲು ಕಾಯ್ದವರೂ ಇದ್ದಾರೆ. ಅವರ ದುಡಿಮೆಗೆ ಸಲ್ಲಬೇಕಾದುದು ದಯೆಯಲ್ಲ, ನ್ಯಾಯವಾದ ಕೂಲಿ. ಅಂದಿನ ಆ ತೀರ್ಪು ನಮಗೆ ನೆನಪಿಸುವುದು ಇಷ್ಟನ್ನೇ.