ಕಂಠ ಅವಳದು, ಕಾಗದ ಯಾರದು?

ಕಳೆದ ಶ್ರಾವಣದಲ್ಲಿ ಗೆಳತಿಯೊಬ್ಬಳು ಸಿರುಗುಪ್ಪದಿಂದ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದಳು. ಹೆಸರು ಬೇಡ. ಅವಳ ತವರು ಕುರುಗೋಡು. ದೊಡ್ಡಬಸವೇಶ್ವರನ ಗುಡಿಯ ಅಂಗಳದಲ್ಲಿ ಅಕ್ಕನ ವಚನ ಹಾಡಿ ಬೆಳೆದವಳು. ಮದುವೆಯಾಗಿ ಸಿರುಗುಪ್ಪ ಸೇರಿದ ಮೇಲೆ ಅಕ್ಕಿ ಗಿರಣಿಗಳ ಸದ್ದಿನ ನಡುವೆಯೇ ಓಣಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಚೀಲದಿಂದ ಒಂದು ಕಾಗದ ತೆಗೆದು, “ಇದನ್ನೊಂದಿಷ್ಟು ಓದ್ರಿ, ನನ್ನ ಮೊದಲನೇ ಆಲ್ಬಂ ಮಾಡ್ತಾರಂತೆ” ಎಂದಳು. ಮುಖದ ತುಂಬ ಸಂಭ್ರಮ.

ಓದಿದೆ. ಎಂಟು ಹಾಡು. ಸ್ಟುಡಿಯೋ ಬಾಡಿಗೆ ಅವಳದು. ತಬಲಾ, ಹಾರ್ಮೋನಿಯಂ, ಕೊಳಲಿನವರ ಸಂಭಾವನೆ ಅವಳದು. ಬಿಡುಗಡೆ ಸಮಾರಂಭದ ಶಾಮಿಯಾನವೂ ಅವಳದೇ. ಧ್ವನಿಮುದ್ರಣದ ಸಕಲ ಹಕ್ಕು ಮಾತ್ರ, ಜಗತ್ತಿನಾದ್ಯಂತ, ಶಾಶ್ವತವಾಗಿ, ಕಂಪನಿಯದು. ಹಾಗಾದರೆ ಹಾಡಿದವಳಿಗೆ ಏನು? ಒಂದು ಶಾಲು, ಒಂದು ಹಾರ, ಒಂದು ಫೈಬರಿನ ಸ್ಮರಣಿಕೆ.

ಕಾಗದವನ್ನು ಮೇಜಿನ ಮೇಲಿಟ್ಟು, “ಸಹಿ ಹಾಕಬೇಡ” ಎಂದೆ. ಅವಳ ಮುಖ ಬಾಡಿತು. ಒಳಗೆ ಪೇಪರು ಓದುತ್ತಿದ್ದ ನಮ್ಮ ಯಜಮಾನರು, “ಪಾಪ, ಹೆಸರಾದರೂ ಬರುತ್ತಲ್ಲ, ನೀನ್ಯಾಕೆ ಅಡ್ಡಗಾಲು ಹಾಕ್ತಿ?” ಎಂದರು. ಈ ‘ಹೆಸರಾದರೂ ಬರುತ್ತಲ್ಲ’ ಎಂಬ ಮಾತಿನ ಮೇಲೆಯೇ ನನ್ನ ಜಗಳ.

ಇಟ್ಟಿಗೆ ನಮ್ಮದು, ಸಿಮೆಂಟು ನಮ್ಮದು, ಮನೆ ಮಾತ್ರ ಮೇಸ್ತ್ರಿಯ ಹೆಸರಿಗೆ ಎಂದರೆ ಯಾವ ಗೃಹಿಣಿ ಒಪ್ಪುತ್ತಾಳೆ? ಹಾಡಿನ ವಿಷಯಕ್ಕೆ ಬಂದರೆ ಮಾತ್ರ ನಮಗೆ ಏನಾಗುತ್ತದೋ! 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುವುದು ಸರಳವಾಗಿದೆ. ಧ್ವನಿಮುದ್ರಣದ ಒಡೆಯ ಅದರ ನಿರ್ಮಾಪಕ. ನಿರ್ಮಾಪಕನೆಂದರೆ ಮುಂದೆ ನಿಂತು, ಹೊಣೆ ಹೊತ್ತು ಅದನ್ನು ಮಾಡಿಸಿದವನು. ಖರ್ಚೂ ಹೊಣೆಯೂ ನನ್ನ ಗೆಳತಿಯದಾದರೆ ಒಡತಿ ಅವಳೇ. ಪ್ರಕಟವಾದ ಮೇಲೆ 60 ವರ್ಷ ಆ ಒಡೆತನ ಉಳಿಯುತ್ತದೆ, ಮಗಳ ಕೈಗೂ ದಾಟುತ್ತದೆ. ಅದನ್ನು ಬಿಟ್ಟುಕೊಡಲು ಅವಳ ಸಹಿಯೇ ಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಮಾತ್ರ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅದೇ ಕಾಯ್ದೆ ಹೇಳುತ್ತದೆ. ಆ ಕಾಗದದಲ್ಲಿ ‘ಶಾಶ್ವತ’, ‘ಜಗತ್ತಿನಾದ್ಯಂತ’ ಎಂಬ ಪದಗಳು ಸುಮ್ಮನೆ ಬಂದು ಕೂತಿರಲಿಲ್ಲ!

ಒಂದು ಕಾಲದಲ್ಲಿ ಕಂಪನಿಯಿಲ್ಲದೆ ಆಗುತ್ತಿರಲಿಲ್ಲ, ಒಪ್ಪೋಣ. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ದ ಕ್ಯಾಸೆಟ್ಟು ಬಂದಾಗಿನಿಂದ ಭಾವಗೀತೆ ನಮ್ಮ ಅಡಿಗೆಮನೆಯ ಟೇಪ್‌ರೆಕಾರ್ಡರಿನೊಳಗೆ ಬಂತು. ಸಾವಿರಾರು ಕ್ಯಾಸೆಟ್ಟು ನಕಲು ಮಾಡಿಸಿ, ಹೊದಿಕೆ ಅಚ್ಚು ಹಾಕಿಸಿ, ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ಮುಟ್ಟಿಸಿ, ಮಾರಾಟವಾಗದ್ದನ್ನು ವಾಪಸು ತರುವ ಕೆಲಸ ಮನೆಯ ಹೆಂಗಸಿಗೆ ಸಾಧ್ಯವಿತ್ತೇ? ಬಂಡವಾಳ ಹಾಕಿದವರು ಹಕ್ಕು ಕೇಳಿದರು. ಇಂದು ಆ ನಕಲು, ಆ ಲಾರಿ, ಆ ಅಂಗಡಿ ಯಾವುದೂ ಇಲ್ಲ. ಹಾಡಿನ ಕಡತವೊಂದನ್ನು ವಿತರಣಾ ಸಂಸ್ಥೆಗೆ ಒಪ್ಪಿಸಿದರೆ, ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು ಹಚ್ಚಿ ಎಲ್ಲ ಮೊಬೈಲುಗಳಿಗೂ ಅವರೇ ಮುಟ್ಟಿಸುತ್ತಾರೆ. ಹಕ್ಕು ಹಾಡಿದವಳ ಬಳಿಯೇ ಉಳಿಯಬಹುದು. ಬಂಡವಾಳದ ಭಾರ ಇಳಿದಿದೆ, ಹಕ್ಕಿನ ಹಸಿವು ಮಾತ್ರ ಇಳಿದಿಲ್ಲ.

ನಮ್ಮ ಜಿಲ್ಲೆಯನ್ನೇ ನೋಡಿ. ಅಕ್ಷರ ಕಲಿಯದ ದರೋಜಿ ಈರಮ್ಮ ರಾತ್ರಿಗಟ್ಟಲೆ ಬುರ್ರಕಥೆ ಹೇಳುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಥೆಗಳನ್ನು ಪುಸ್ತಕವಾಗಿ ತಂದಿತು, ನಾಡೋಜ ಎಂದು ಗೌರವಿಸಿತು. ದೊಡ್ಡ ಕೆಲಸ, ಇಲ್ಲವೆನ್ನಲಾರೆ. 2014ರಲ್ಲಿ ಅವರು ತೀರಿಕೊಂಡರು. ಕಂಪನಿ ನಾಟಕಗಳ ಸುಭದ್ರಮ್ಮ ಮನ್ಸೂರ್ 2020ರಲ್ಲಿ ಹೋದರು. ಅವರು ರಂಗಗೀತೆ ಎತ್ತಿದರೆ ಮೈಕು ಬೇಕಿರಲಿಲ್ಲ. ಇಬ್ಬರಿಗೂ ಶಾಲು ಹೊದಿಸುವುದರಲ್ಲಿ ನಾವು ಹಿಂದೆ ಬೀಳಲಿಲ್ಲ. ಆದರೆ ಅಂಥ ಒಬ್ಬ ಗಾಯಕಿಗೆ, “ಇದು ನಿಮ್ಮ ದನಿಯ ಮಾಸ್ಟರ್ ಪ್ರತಿ, ಇದರ ಹಕ್ಕು ನಿಮ್ಮ ಹೆಸರಿನಲ್ಲಿದೆ” ಎಂದು ಒಂದು ಕಾಗದ ಕೊಟ್ಟ ಸನ್ಮಾನ ಸಮಾರಂಭವನ್ನು ನಾನಂತೂ ಕಂಡಿಲ್ಲ.

ಹೆಸರಾದರೂ ಬರುತ್ತದೆ ಎನ್ನುವವರಿಗೆ ಇನ್ನೊಂದು ಮಾತು. ಗಂಗೂಬಾಯಿ ಹಾನಗಲ್ ಅವರ ಎಳೆವಯಸ್ಸಿನ ಗ್ರಾಮಫೋನ್ ತಟ್ಟೆಗಳ ಮೇಲೆ ಅಚ್ಚಾದದ್ದು ‘ಗಾಂಧಾರಿ’ ಎಂಬ ಹೆಸರು. ಕಂಠ ಹುಬ್ಬಳ್ಳಿಯ ಗಂಗೂಬಾಯಿಯದು, ಹೆಸರು ಕಂಪನಿ ಇಟ್ಟದ್ದು!

ಸಾಹಿತ್ಯಾಸಕ್ತರೊಬ್ಬರು ನನ್ನ ವಾದ ಕೇಳಿ, “ಸಂಗೀತ ಅಂದ್ರೆ ಸರಸ್ವತಿ ಅಮ್ಮಾ, ಅಲ್ಲೂ ಲೆಕ್ಕ ನೋಡೋದೆ?” ಎಂದು ನೊಂದುಕೊಂಡರು. ಲೆಕ್ಕ ನೋಡಬಾರದೆಂಬ ಉಪದೇಶ ಹಾಡುವವಳಿಗೇ ಏಕೆ? ಸ್ಟುಡಿಯೋದವನು ಗಂಟೆ ಲೆಕ್ಕ ಹಾಕುತ್ತಾನೆ, ಶಾಮಿಯಾನದವನು ಕುರ್ಚಿ ಎಣಿಸುತ್ತಾನೆ. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಎಂದಾಗ ಮಹಮ್ಮದ್ ರಫಿಯಂಥ ಸಜ್ಜನರೇ ಒಪ್ಪಲಿಲ್ಲ. ಕೆಲ ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. ಹಾಡುವವರ ಹಕ್ಕನ್ನು ನಮ್ಮ ಕಾಯ್ದೆ ಗುರುತಿಸಿದ್ದು 1994ರಲ್ಲಿ, ರಾಯಲ್ಟಿಯ ಮಾತು ಅದರಲ್ಲಿ ಸೇರಿದ್ದು 2012ರಲ್ಲಿ. ಲತಾ ದುರಾಸೆಯವರಾಗಿರಲಿಲ್ಲ, ಕಾಯ್ದೆ ನಿಧಾನವಾಗಿತ್ತು.

ಸ್ವಂತ ಬಿಡುಗಡೆ ಹೂವಿನ ಹಾಸಿಗೆಯಲ್ಲ, ಅದನ್ನೂ ಗೆಳತಿಗೆ ಹೇಳಿದೆ. ಕಂಪನಿಯ ಪ್ರಚಾರ ಇರುವುದಿಲ್ಲ. ಮೊದಲ ತಿಂಗಳು ಕೇಳುವವರು ಇನ್ನೂರು ಜನರಿರಬಹುದು, ಅದರಲ್ಲಿ ಅರ್ಧ ನೆಂಟರು. ಹಾಕಿದ ದುಡ್ಡು ಬಾರದೆಯೂ ಹೋಗಬಹುದು. ಆದ್ದರಿಂದ ಬೆಂಗಳೂರು ರಸ್ತೆಯ ಬಂಗಾರದಂಗಡಿಗೆ ಬಳೆ ಒಯ್ಯಬೇಡ, ಎಂಟರ ಬದಲು ಮೂರೇ ಹಾಡು ಮಾಡು ಎಂದೆ. ಬೇಂದ್ರೆಯವರದೊಂದು ಗೀತೆ ಅವಳಿಗೆ ಪ್ರಾಣ. ಅವರು ತೀರಿದ್ದು 1981ರಲ್ಲಿ, 2041 ಮುಗಿಯುವವರೆಗೆ ಅವರ ವಾರಸುದಾರರ ಅನುಮತಿ ಬೇಕು. ನಮ್ಮ ಹಕ್ಕಿಗೆ ಜಗಳಾಡುವವರು ಕವಿಯ ಹಕ್ಕನ್ನು ನುಂಗಬಾರದಲ್ಲ! ಅದರ ಬದಲು ಹರಪನಹಳ್ಳಿ ಭೀಮವ್ವನ ಹಾಡುಗಳಿವೆ. ಹತ್ತೊಂಬತ್ತನೆಯ ಶತಮಾನದ ನಮ್ಮ ಸೀಮೆಯ ಹೆಂಗಸು, ಹರಿದಾಸಿ. ಆಕೆಯ ಹಾಡಿಗೆ ಯಾರಿಗೂ ಕಾಣಿಕೆ ಕೊಡಬೇಕಿಲ್ಲ. ತಲೆಮಾರುಗಳಿಂದ ಹೆಂಗಸರ ಬಾಯಲ್ಲೇ ಉಳಿದು ಬಂದದ್ದು. ತಬಲಾ ಹುಡುಗನಿಗೂ ದುಡ್ಡು ಕೊಟ್ಟು, ಅವನ ಒಪ್ಪಿಗೆಯನ್ನು ಬರಹದಲ್ಲಿ ತಗೋ ಎಂದೂ ಸೇರಿಸಿದೆ.

ಅವಳು ಕಂಪನಿಯ ಕಾಗದವನ್ನು ಸಹಿಯಿಲ್ಲದೆ ಹಿಂದಿರುಗಿಸಿದಳು. “ನಿಮ್ಮಂಥವರಿಗೆ ಅವಕಾಶ ಕೊಡೋದೇ ತಪ್ಪು” ಎಂದು ಫೋನಿನಲ್ಲಿ ಅನ್ನಿಸಿಕೊಂಡಳು. ಎರಡು ದಿನ ಅತ್ತಳಂತೆ. ದೀಪಾವಳಿಯ ಹೊತ್ತಿಗೆ ಎರಡು ಹಾಡು ಮುಗಿದವು. ಮೂರನೆಯದನ್ನು ಮನೆಯಲ್ಲೇ ಮುದ್ರಿಸಹೋಗಿ ಗಿರಣಿಯ ಸದ್ದೂ ಸೇರಿಕೊಂಡಿತು, ಮತ್ತೆ ಬಳ್ಳಾರಿಯ ಸ್ಟುಡಿಯೋಕ್ಕೆ ಬರಬೇಕಾಯಿತು.

ಮೊನ್ನೆ ವಿತರಣೆಯ ಅರ್ಜಿ ತುಂಬಲು ನಮ್ಮಲ್ಲಿಗೇ ಬಂದಿದ್ದಳು. ‘ನಿರ್ಮಾಪಕರು’ ಎಂಬಲ್ಲಿ ಬೆರಳು ನಿಲ್ಲಿಸಿ, “ಇಲ್ಲಿ ನಮ್ಮನೆಯವರ ಹೆಸರು ಹಾಕಲೇ?” ಎಂದಳು. “ದುಡ್ಡು ಯಾರದು?” ಎಂದು ಕೇಳಿದೆ. “ಪಾಠದ ಫೀಸಿನದು.” ತುಸು ಹೊತ್ತು ಸುಮ್ಮನಿದ್ದು ತನ್ನ ಹೆಸರನ್ನೇ ಬರೆದಳು. ಹಿಂದೆ ಕುರುಗೋಡು ಎಂದು ಸೇರಿಸಬೇಕೋ, ಸಿರುಗುಪ್ಪ ಎಂದೋ ಎಂಬುದು ಮಾತ್ರ ಚಹಾ ಆರುವವರೆಗೂ ಇತ್ಯರ್ಥವಾಗಲಿಲ್ಲ.