ಪಿಎಚ್‌ಡಿ ಮಾಡಿ ಕಾಫಿ ಕುಡಿಯುವ ಕೆಲಸ

ಮಕ್ಕಳೇ, ಕಾಫಿಯನ್ನು ಸೊರ್ರೆಂದು ಸದ್ದು ಮಾಡಿ ಹೀರಿದರೆ ನಿಮ್ಮ ಮನೆಯಲ್ಲಿ ಬೈಯುತ್ತಾರೆ ತಾನೆ? ನಮ್ಮಲ್ಲೂ ಬೈಯುತ್ತಾರೆ. ಆದರೆ ಹಾಗೆ ಹೀರುವುದಕ್ಕೇ ಸಂಬಳ ಕೊಡುವ ಕೆಲಸವೊಂದಿದೆ. ಕಳೆದ ತಿಂಗಳು ಆ ಕೆಲಸದ ದೆಸೆಯಿಂದ ನನ್ನ ತಮ್ಮ ಮೂರು ದಿನ ಮಗಳ ಜೊತೆ ಮಾತು ಬಿಟ್ಟಿದ್ದ.

ತಮ್ಮ ನಿವೃತ್ತ ಶಾಲಾ ಮೇಷ್ಟ್ರು. ಮಡಿಕೇರಿ ಹತ್ತಿರ ಎರಡೆಕರೆ ಕಾಫಿ ಇದೆ. ಮಗಳು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಆರು ವರ್ಷದಿಂದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಹೆಸರೇನೋ ಚೆಂದ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಸಂಬಳ ಬರುವುದು ತಿಂಗಳುಗಟ್ಟಲೆ ತಡ.

“ದೊಡ್ಡಪ್ಪ, ನಾನು ಬಿಡ್ತೇನೆ. ಕಾಫಿ ಮಂಡಳಿಯವರು ಕಾಫಿ ಗುಣಮಟ್ಟದ ಬಗ್ಗೆ ಒಂದು ವರ್ಷದ ಡಿಪ್ಲೊಮಾ ನಡೆಸ್ತಾರೆ. ರುಚಿ ನೋಡುವುದು ಕಲಿಯಬೇಕು” ಅಂದಳು.

“ಪಿಎಚ್‌ಡಿ ಮಾಡಿ ಕಾಫಿ ಕುಡಿಯುವ ಕೆಲಸವಾ? ಊರಲ್ಲಿ ಏನಂತ ಹೇಳಲಿ ಅಣ್ಣ?” ಅಂದ ತಮ್ಮ.

ನಾನು ಬ್ಯಾಂಕ್ ಗುಮಾಸ್ತ, ನನಗೆ ಗೊತ್ತಿರುವುದು ಜಮಾ ಖರ್ಚು. ಒಂದು ಹಾಳೆಗೆ ನಡುವೆ ಗೆರೆ ಎಳೆದು ಅವಳ ಕೈಗೆ ಕೊಟ್ಟೆ. ಜಮಾ ಕಡೆ ‘ಎಂಎಸ್ಸಿ, ಪಿಎಚ್‌ಡಿ, ಎರಡು ಲೇಖನ’ ಎಂದು ಬರೆದಳು. “ಇದು ಪಾಸ್‌ಬುಕ್ಕಿನ ಹೊದಿಕೆ ಕಣಮ್ಮಾ, ಒಳಗೇನಿದೆ ಬರಿ” ಅಂದೆ. ಪೆನ್ನು ಕಚ್ಚುತ್ತ ಕೂತು ಬರೆದಳು: ಒಂದೇ ಪರೀಕ್ಷೆಯನ್ನು ನಲವತ್ತು ಸಲ ಬೇಸರವಿಲ್ಲದೆ ಮಾಡಿ ಗುರುತು ಹಾಕಬಲ್ಲೆ. ಕೆಟ್ಟ ಯಂತ್ರವನ್ನು ಬಿಚ್ಚಿ ಸರಿಮಾಡಬಲ್ಲೆ. ಅರವತ್ತು ಮಕ್ಕಳಿಗೆ ಅರ್ಥವಾಗುವಂತೆ ಹೇಳಬಲ್ಲೆ. ಖರ್ಚಿನ ಲೆಕ್ಕ ಒಪ್ಪಿಸಬಲ್ಲೆ.

ಇಷ್ಟು ಬಲ್ಲವರು ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಬೇಕು, ಮಣ್ಣು ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಬೇಕು, ಔಷಧ ಕಂಪನಿಗೆ ಬೇಕು, ಮಕ್ಕಳಿಗೆ ವಿಜ್ಞಾನ ಬರೆಯುವವರಿಗೂ ಬೇಕು. ಖರ್ಚಿನ ಕಡೆ ನೋಡಿದರೆ ಅವಳ ಉಳಿತಾಯ ಎಂಟು ತಿಂಗಳಿಗೆ ಸಾಕು, ಓದು ಹನ್ನೆರಡು ತಿಂಗಳದ್ದು. (ನನ್ನದೊಂದು ಎಫ್‌ಡಿ ಬರುವ ತಿಂಗಳು ಮೆಚ್ಯೂರ್ ಆಗುತ್ತದೆ. ಅವಳಿಗಿನ್ನೂ ಹೇಳಿಲ್ಲ, ಪತ್ರಿಕೆ ನೋಡಿಯೇ ಗೊತ್ತಾಗಲಿ.)

ತಮ್ಮನಿಗೆ ಪಿ. ಲಂಕೇಶರ ನೆನಪು ಮಾಡಿದೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಕೆಲಸ ಬಿಟ್ಟರು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುಮಾಡಿದರು, ಅದೂ ಜಾಹೀರಾತು ಇಲ್ಲದೆ. ನಮ್ಮ ಶಾಖೆಯಲ್ಲಿ ಒಂದೇ ಪ್ರತಿ ಕ್ಯಾಷ್ ಕೌಂಟರಿನಿಂದ ಮ್ಯಾನೇಜರ ಕೋಣೆಯವರೆಗೆ ಸುತ್ತುತ್ತಿತ್ತು. ಕಾಲೇಜು ಬಿಟ್ಟ ಮೇಲೂ ಬಲ್ಲವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಮೇಷ್ಟ್ರು’ ಎಂದೇ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯಂತೂ ಎಂಎ ಮುಗಿಸಿ, ಕಾಲೇಜಿನ ಕಡೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ತಮ್ಮ ಎಲ್ಲ ಕೇಳಿ “ಅವರೆಲ್ಲ ದೊಡ್ಡವರು” ಅಂದ. ಅದೂ ನಿಜವೇ. ನಾನು ಸುಮ್ಮನಾದೆ.

ಭಾನುವಾರ ಹುಡುಗಿ ತಾನೇ ಮೇಜಿನ ಮೇಲೆ ಮೂರು ಲೋಟ ಇಟ್ಟಳು. ತರಿಯಾಗಿ ಪುಡಿಮಾಡಿದ ಕಾಫಿಗೆ ಬಿಸಿನೀರು ಹುಯ್ದು ನಾಲ್ಕು ನಿಮಿಷ ಕಾಯಿಸಿದಳು. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯಿಲ್ಲ. ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ಮೂಸಿದಳು. ಆಮೇಲೆ ಸೊರ್ರ್! ಗಾಳಿ ಸೇರಿದಂತೆ ಹೀರಿದರೆ ರುಚಿ ಬಾಯಿಗೆಲ್ಲ ಹರಡುತ್ತದಂತೆ, ಪರಿಮಳ ಮೂಗಿಗೂ ಏರುತ್ತದಂತೆ. ಆಮೇಲೆ ಉಗುಳಬೇಕು, ಇಲ್ಲವಾದರೆ ದಿನಕ್ಕೆ ಹತ್ತಾರು ಲೋಟ ನೋಡುವವರ ಗತಿಯೇನು?

“ಕಾಫಿ ಬೆಳೆದವನು ಕಾಫಿ ಉಗುಳುವುದಾ?” ಎಂದು ತಮ್ಮ ಮೂರನ್ನೂ ನುಂಗಿದ. ಎರಡನೆಯದಕ್ಕೆ ಮುಖ ಸಿಂಡರಿಸಿ, “ಇದು ಯಾವ ದರಿದ್ರದ್ದು? ಮಣ್ಣು ವಾಸನೆ” ಅಂದ.

“ಬರೀ ನೆಲದ ಮೇಲೆ ಒಣಗಿಸಿದ್ದು, ಅಪ್ಪ. ನಮ್ಮದೇ.”

ಅವನು ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆರೂವರೆಗೇ ನನಗೆ ಫೋನು ಬಂತು: “ಅಣ್ಣ, ಕಣಕ್ಕೆ ಸಿಮೆಂಟ್ ಹಾಕಿಸಲು ಬ್ಯಾಂಕಿನಲ್ಲಿ ಸಾಲ ಕೊಡ್ತಾರಾ?”